ಅಮ್ಮನ ಡಬ್ಬಿಯ ಚಹಾ

ಅಮ್ಮನಿಗೆ,

ಪಾರ್ಸೆಲ್ ತಲುಪಿತು. ಈ ಸಲ ಅವಸರದಲ್ಲಿ ಡಬ್ಬಿ ಅದಲುಬದಲು ಮಾಡಿದ್ದೀಯ. ನನಗೆಂದು ತೆಗೆದಿಟ್ಟ ಚಿಗುರಿನ ಚಹಾ ಅಲ್ಲೇ ಉಳಿದು, ಮುಚ್ಚಳ ನೆಗ್ಗಿದ ನಿನ್ನ ಡಬ್ಬಿ ಇಲ್ಲಿಗೆ ಬಂದಿದೆ. ಚಿಗುರನ್ನೆಲ್ಲ ಮಾರಿ, ನೀನು ಇನ್ನೂ ಬಲಿತ ಒರಟೆಲೆಯನ್ನೇ ಕುಡಿಯುತ್ತಿದ್ದೀಯ ಎಂದುಕೊಂಡಿರಲಿಲ್ಲ.

ಅದನ್ನು ನಮ್ಮ ಪ್ರಯೋಗಾಲಯಕ್ಕೆ ಒಯ್ದೆ. "ಇದೇನ್ರೀ, ದನಕ್ಕೆ ಹಾಕೋದಾ?" ಎಂದು ಜೊತೆಯವರು ನಕ್ಕರು. "ನಮ್ಮಮ್ಮ ಕುಡಿಯೋದು" ಎಂದೆ. ಆಮೇಲೆ ಅವರೇ ಎಲೆ ತೂಗಿ ಪರೀಕ್ಷೆಗೆ ಇಟ್ಟರು.

ಚಹಾ ಗಿಡ ಮಣ್ಣಿನಿಂದ ಫ್ಲೋರೈಡ್ ಹೀರಿ ಎಲೆಯಲ್ಲಿ ಕೂಡಿಡುತ್ತದೆ. ಎಲೆ ಬಲಿತಷ್ಟೂ ಅದು ಹೆಚ್ಚು; ನಿನ್ನ ಡಬ್ಬಿಯ ಎಲೆಯಲ್ಲೂ ಹೆಚ್ಚೇ ಕಂಡಿತು. ಒಳ್ಳೆಯ ಸತ್ವ ಹೆಚ್ಚಾಗಿರುವುದು ಚಿಗುರಿನಲ್ಲಿ. ನಿನ್ನ ಹಾಗೆ ದಿನವಿಡೀ ಒರಟೆಲೆ ಕುದಿಸಿ ಕುಡಿದರೆ ಮೂಳೆಗೆ ಒಳ್ಳೆಯದಲ್ಲ. ನಿನ್ನ ಮಂಡಿನೋವಿಗೆ ಇದೇ ಕಾರಣ ಎನ್ನಲಾರೆ. ಡಾಕ್ಟರಿಗೆ ತೋರಿಸು, ಏನು ಕುಡಿಯುತ್ತೀಯ ಎಂದೂ ಹೇಳು.

"ಗಟ್ಟಿ ಎಲೆ ಕುಡಿದ್ರೆ ಜೀವ ಗಟ್ಟಿ ಕಣೇ" ಎಂದು ನೀನು ವಾದಿಸುವುದು ಗೊತ್ತು. ಹಾಗೇ ಬಿಟ್ಟಿರುವ ಹಿತ್ತಲಿನ ಚಹಾ ಗಿಡಗಳ ರೆಂಬೆಗಳನ್ನು ಯಾರಿಂದಲಾದರೂ ಸವರಿಸು. ಹೊಸ ಚಿಗುರು ಬಂದಾಗ ಮೊದಲ ಬುಟ್ಟಿ ನಿನ್ನ ಒಲೆಗೆ, ಉಳಿದದ್ದು ಮಾರಾಟಕ್ಕೆ.

ಅಲ್ಲಿರುವ ನನ್ನ ಡಬ್ಬಿಯನ್ನು ಕಳಿಸಬೇಡ, ನೆಂಟರಿಗೆಂದು ಎತ್ತಿಡಲೂಬೇಡ. ನೀನೇ ಕುಡಿ. ಮುಂದಿನ ತಿಂಗಳು ಬರುತ್ತೇನೆ, ನಿನ್ನ ಡಬ್ಬಿಯನ್ನೂ ತರುತ್ತೇನೆ. ನನ್ನದು ಹಾಗೇ ತುಂಬಿದ್ದರೆ, ಇದ್ದಷ್ಟು ದಿನವೂ ನಿನ್ನ ಒರಟೆಲೆಯನ್ನೇ ಕುದಿಸಿ ನಿನ್ನೆದುರಿಗೆ ಕೂತು ಕುಡಿಯುತ್ತೇನೆ.

ನಿನ್ನಷ್ಟೇ ಹಟದ,
ಮಗಳು