ಬಟ್ಟಲು ತಪ್ಪಿದ ಚಹಾ

ಫೆಬ್ರವರಿ 3

ಮತ್ತೆ ತೆರೆದೆಯಾ? ನಾಚಿಕೆಗೆಟ್ಟವಳೇ, ಮುಚ್ಚಿಡು. ಬೋರ್ಸೋಕ್ ಕರಿಯುವ ಹಿಟ್ಟಿನ ಕೈಯಲ್ಲಿ ಅತ್ತೆಯ ದಿನಚರಿ ಪುಸ್ತಕ ಮುಟ್ಟಿದರೆ ಗುರುತು ಉಳಿಯುತ್ತದೆ ಎಂಬಷ್ಟೂ ಬುದ್ಧಿಯಿಲ್ಲವೇ? ಎದುರಿಗೆ ಬಾಯಿ ಬಿಡುವುದಿಲ್ಲ, ಕದ್ದು ಎಲ್ಲ ಓದುತ್ತೀಯ, ಅನಾರ್ಕುಲ್.

ಇವತ್ತು ನೆಂಟರ ಮುಂದೆ ಸೊಸೆ ಚಹಾ ಸುರಿದಳು. ಬಟ್ಟಲಿಗಲ್ಲ, ಹಾಸುಬಟ್ಟೆಗೆ. ಎರಡು ಸಲ. "ಕಣ್ಣು ಎಲ್ಲಿಟ್ಟಿದೀಯೇ, ರಷ್ಯಾದಲ್ಲಾ?" ಎಂದೆ. ಅವಳ ಗಂಡ, ನನ್ನ ಕಿರಿ ಮಗ, ಅಲ್ಲಿ ಇಟ್ಟಿಗೆ ಹೊರುತ್ತಿದ್ದಾನೆ. ಎಲ್ಲರೂ ನಕ್ಕರು. ಅವಳು ತಲೆ ತಗ್ಗಿಸಿದಳು. ಏಳು ತಿಂಗಳ ಬಸುರಿ. ಕಾಲು ಊದಿ ಬೂಟು ಹಿಡಿಸುತ್ತಿಲ್ಲ...

ಫೆಬ್ರವರಿ 4

ಪಟ್ಟಣದ ಆಸ್ಪತ್ರೆ. ಡಾಕ್ಟರ್ ಲಾರಿಸಾಗೆ ರಷ್ಯನ್ ಮಾತ್ರ ಬರುತ್ತದೆ. ನಮ್ಮ ಹುಡುಗಿಗೆ ಕಿರ್ಗಿಜ್ ಮಾತ್ರ. ನಡುವೆ ನಾನು, ನಾಲ್ಕನೇ ಕ್ಲಾಸಿನ ರಷ್ಯನ್ ಇಟ್ಟುಕೊಂಡು. ತಲೆನೋವಿದೆಯಾ, ಕಣ್ಣು ಮಂಜಾಗುತ್ತದೆಯಾ ಎಂದು ಡಾಕ್ಟರ್ ಕೇಳಿದರು. ಅವಳಿಗೆ ಹೇಳಿದೆ. ನೆಲ ನೋಡುತ್ತ, "ಚೆನ್ನಾಗಿದೀನಿ ಅತ್ತೆ" ಎಂದಳು. ಹಾಗೇ ಡಾಕ್ಟರಿಗೆ ದಾಟಿಸಿದೆ. ಬಿಪಿ ಜಾಸ್ತಿ ಎಂದು ಡಾಕ್ಟರ್ ಮುಖ ಗಂಟಿಕ್ಕಿದರು. ಮಾತ್ರೆ ಕೊಟ್ಟರು. ತಲೆ ನೋವು ಬಂದರೆ ತಕ್ಷಣ ಬನ್ನಿ ಎಂದರು.

ಫೆಬ್ರವರಿ 7

ಒಲೆಯ ಮುಂದೆ ಬಿದ್ದಳು. ಹಲ್ಲು ಕಚ್ಚಿ, ಕೈಕಾಲು ಸೆಟೆದು... ನೆರೆಯವರ ಕಾರಿನಲ್ಲಿ ಒಯ್ದೆವು. ಆಸ್ಪತ್ರೆಯಲ್ಲಿ ಎಚ್ಚರವಾಯಿತು. ಡಾಕ್ಟರ್ ಮತ್ತೆ ಅದನ್ನೇ ಕೇಳಿದರು. ನನ್ನನ್ನು ಕಂಡಳು, ತಲೆಯ ಬಟ್ಟೆ ಸರಿಮಾಡಿಕೊಂಡಳು. "ಚೆನ್ನಾಗಿದೀನಿ ಅತ್ತೆ."

ಸೊಸೆ ಅತ್ತೆಯ ಮುಂದೆ ನೋವು ಹೇಳುವುದಿಲ್ಲ. ಹೇಳದವಳೇ ಒಳ್ಳೆಯ ಸೊಸೆ. ನಾವೇ ಹಾಗೆಂದು ಹೊಗಳಿದವರು.

ಡಾಕ್ಟರಿಗೆ ಹೇಳಿದೆ: "ನನ್ನನ್ನ ಆಚೆ ಕಳಿಸಮ್ಮ. ನಾನಿಲ್ಲಿ ಇರೋವರೆಗೂ ಇವಳು ಚೆನ್ನಾಗೇ ಇರ್ತಾಳೆ. ಚೆನ್ನಾಗಿದ್ಕೊಂಡೇ ಸಾಯ್ತಾಳೆ."

ಕಿರ್ಗಿಜ್ ಬಲ್ಲ ನರ್ಸನ್ನು ಬೇರೆ ವಾರ್ಡಿನಿಂದ ಕರೆಸಿದರು. ಬಾಗಿಲ ಹೊರಗೆ ನಿಂತೆ. ಅನಾರ್ಕುಲ್ ಮಾತಾಡುತ್ತಲೇ ಇದ್ದಳು. ಮದುವೆಯಾಗಿ ಬಂದ ಮೇಲೆ ಅವಳ ಇಷ್ಟು ಉದ್ದದ ಮಾತು ಕೇಳಿರಲಿಲ್ಲ. ತಲೆ ಸಿಡಿಯುತ್ತಿತ್ತಂತೆ. ಎಲ್ಲ ಎರಡೆರಡಾಗಿ ಕಾಣುತ್ತಿತ್ತಂತೆ — ಚಹಾ ಬಟ್ಟಲು ಕೂಡ.

ಆಪರೇಷನ್ ಮಾಡಿ ಮಗುವನ್ನು ಈಗಲೇ ಹೊರತೆಗೆಯಬೇಕೆಂದು ಅವಳನ್ನು ಒಳಗೆ ಒಯ್ದರು.

ಫೆಬ್ರವರಿ 9

ಹೆಣ್ಣು. ಗಾಜಿನ ಪೆಟ್ಟಿಗೆಯಲ್ಲಿದೆ, ಹಕ್ಕಿಮರಿಯ ಹಾಗೆ. ತಾಯಿ ಇನ್ನೂ ಕಣ್ಣು ಬಿಟ್ಟಿಲ್ಲ. ನಾಳೆ ಗೊತ್ತಾಗುತ್ತದೆ ಎನ್ನುತ್ತಾರೆ. ನಿನ್ನೆಯೂ ಹಾಗೇ ಅಂದರು.

ಬಟ್ಟೆ ಒಯ್ಯಲು ಮನೆಗೆ ಬಂದೆ. ಹಿಟ್ಟಿನ ಡಬ್ಬಿ ಅವಳು ತೆರೆದಿಟ್ಟಂತೆಯೇ ಇದೆ. ಮುಚ್ಚಲು ಕೈ ಬರಲಿಲ್ಲ.

ಅನಾರ್ಕುಲ್, ಪುಸ್ತಕವನ್ನು ಇದ್ದಲ್ಲೇ ಇಡುತ್ತೇನೆ. ಕೈ ತೊಳೆಯದೆಯೇ ಮುಟ್ಟು. ನನ್ನ ಎದುರಿಗೆ ಹೇಳಬೇಡ, ಇದರ ಕೆಳಗೆ ಬರೆ. ತಲೆ, ಕಣ್ಣು, ಎಲ್ಲೆಲ್ಲಿ ನೋವೋ ಎಲ್ಲ. ನನ್ನ ಮೇಲಿನ ಸಿಟ್ಟೂ. ಮಾರ್ಚ್ ಹುಟ್ಟುವ ಮೊದಲು ಉತ್ತರ ಬರೆದಿರಬೇಕು, ತಿಳಿಯಿತೇ? ಜಾಗ ಬಿಟ್ಟಿದ್ದೇನೆ —