ಎರಡು ಜೋಡಿ ಹೆಡ್, ಒಂದು ಸದ್ದು

೬ ಫೆಬ್ರವರಿ ೧೯೮೪, ಸೋಮವಾರ

ಶೆಡ್ ತೆಗೆಯುವಾಗಲೇ ಹನುಮಂತರಾಯಪ್ಪನವರ ಹಳೇ ಫೋಕ್ಸ್‌ವ್ಯಾಗನ್ ಬಾಗಿಲಲ್ಲಿ. ದೊಡ್ಡನೆಕ್ಕುಂದಿಯಿಂದ ಪೀಣ್ಯದವರೆಗೂ ಕೆಮ್ಮುತ್ತಲೇ ಬಂದಿದೆ. ನೀರಿಲ್ಲ, ರೇಡಿಯೇಟರ್ ಇಲ್ಲ, ಗಾಳಿಯಲ್ಲೇ ತಣ್ಣಗಾಗುವ ಎಂಜಿನ್. ಸಿಲಿಂಡರ್‌ಗಳ ತಲೆಮುಚ್ಚಳ, ಅಂದರೆ ಹೆಡ್, ಬಿರುಕು ಬಿಟ್ಟಿದೆ. ಬದಲಿಗೆ ಎಲ್ಲಿಂದಲೋ ಎರಡು ಜೋಡಿ ತಂದಿದ್ದಾರೆ. ಒಂದರಲ್ಲಿ ಎರಡು ಸಿಲಿಂಡರಿಗೂ ಸೇರಿ ಪೆಟ್ರೋಲ್-ಗಾಳಿ ಒಳಗೆ ಹೋಗಲು ಒಂದೇ ದಾರಿ. ಇನ್ನೊಂದರಲ್ಲಿ ಒಂದೊಂದಕ್ಕೂ ಬೇರೆ ದಾರಿ. ಶಾಖ ಹೊರಗೆ ಹಾಕುವ ಫಿನ್‌ಗಳೂ ಇದರಲ್ಲಿ ಉದ್ದ, ತೆಳು.

"ಎರಡೂ ಹಾಕಿ ನೋಡಿ ವೆಂಕಟಪ್ಪ. ನೀವು ಯಾವ್ದು ಅಂತೀರೋ ಅದೇ ಇರ್ಲಿ. ನಿಮ್ ಕಿವಿ ಮೇಲೆ ನಂಗೆ ನಂಬ್ಕೆ."

೮, ಬುಧವಾರ

ಒಂಟಿ ದಾರಿಯದು ಹಾಕಿ ನಾಗಸಂದ್ರ ದಾಟಿ ಹೋಗಿ ಬಂದೆ. ಸದ್ದು ಚೊಕ್ಕ. ಬಿಸಿಯೂ ಕಡಿಮೆ. ಏರಿನಲ್ಲಿ ಮಾತ್ರ ಏದುಸಿರು...

೧೦, ಶುಕ್ರವಾರ

ಜೋಡಿ ದಾರಿಯದು ಹಾಕಿದೆವು. ಏರು ಬಂದದ್ದೇ ಗೊತ್ತಾಗಲಿಲ್ಲ. ಆದರೆ ಆಕ್ಸಿಲರೇಟರ್ ಒಂದು ಹದಕ್ಕೆ ಬಂದರೆ ಸಣ್ಣಗೆ ಗುಯ್ — ಸೊಳ್ಳೆಯ ಹಾಗೆ. ಪಾಲುದಾರ ಮುನಿಯಣ್ಣನನ್ನು ಕರೆದೆ.

"ಎಲ್ಲೈತೋ ಸದ್ದು? ಹೂವಿನಂಗೆ ಓಡ್ತೈತಲ್ಲ."

ಪಕ್ಕದ ಶೆಡ್‌ನಲ್ಲಿ ತಗಡು ಒತ್ತುವ ಪ್ರೆಸ್ಸಿನ ಬಡಿತದ ನಡುವೆಯೇ ಹನುಮಂತರಾಯಪ್ಪನವರೂ ಬಗ್ಗಿ ಕೇಳಿದರು. ಏನೂ ಇಲ್ಲ ಎಂದರು.

ಹಾಗಾದರೆ ಸದ್ದು ಎಂಜಿನ್ನಿನದಲ್ಲ. ನನ್ನ ಕಿವಿಯದು. ಅಣ್ಣ ಬೈರಪ್ಪನಿಗೂ ಮೊದಲು ಶುರುವಾದದ್ದು ಇಂಥದೇ ಗುಯ್. ಈಗ ಕಿವಿ ಪೂರ್ತಿ ಹೋಗಿ, ಯಾರು ಏನೆಂದರೂ ಸುಮ್ಮನೆ ನಗುತ್ತಾನೆ. ಹೆಂಡತಿ ಸೊಣ್ಣಮ್ಮನಿಗೆ ಹೇಳಲಿಲ್ಲ.

೧೬, ಗುರುವಾರ

ಬರೆಯಲು ಮನಸ್ಸಿರಲಿಲ್ಲ. ಮೊನ್ನೆ ಹನುಮಂತರಾಯಪ್ಪನವರಿಗೆ ಒಂಟಿ ದಾರಿಯದೇ ಇರಲಿ ಎಂದುಬಿಟ್ಟೆ. ಎಂಜಿನ್ ನೋಡಿ ಹೇಳಿದೆನೋ, ಕಿವಿಗೆ ಹೆದರಿ ಹೇಳಿದೆನೋ... ಇವತ್ತು ಜೋಡಿ ದಾರಿಯದನ್ನು ಬಿಚ್ಚುವ ಮೊದಲು ಕೊನೆಯ ಸಲ ಸ್ಟಾರ್ಟ್ ಮಾಡಿ ಅದೇ ಹದಕ್ಕೆ ತಂದೆ. ಪಕ್ಕದ ಪ್ರೆಸ್ ಶೆಡ್‌ನವರು ಊಟಕ್ಕೆ ಎದ್ದಿದ್ದರು, ಸುತ್ತ ನಿಶ್ಶಬ್ದ. ಸೊಣ್ಣಮ್ಮ ದಾಸರಹಳ್ಳಿಯಿಂದ ಊಟದ ಕ್ಯಾರಿಯರ್ ತಂದಳು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು.

"ಅದೇನ್ರೀ, ಕಂಚಿನ ತಟ್ಟೆ ಬಡಿದು ಬಿಟ್ಟಂಗೆ ಗುಯ್ ಅಂತೈತೆ?"

ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. ಅಲ್ಲೇ ಟೈರಿನ ಮೇಲೆ ಕೂತೆ.

"ಇನ್ನೊಂದ್ ಸಲ ಹೇಳು."

"ಗುಯ್ ಅಂತೈತೆ ಅಂದೆ. ಯಾಕ್ರೀ, ಮೈಗೆ ಉಷಾರಿಲ್ವಾ?"

ಎಂಜಿನ್ನಿನ ತಗಡು ಬಿಚ್ಚಿ, ತೆಳು ಫಿನ್‌ಗಳ ನಡುವೆ ಮರದ ಚಕ್ಕೆ ಸಿಕ್ಕಿಸಿ ಮತ್ತೆ ಅದೇ ಹದಕ್ಕೆ ತಂದೆ. ಸದ್ದು ನಿಂತಿತು. ಚಕ್ಕೆ ತೆಗೆದರೆ ಮತ್ತೆ ಗುಯ್. ಫಿನ್‌ಗಳೇ ನಡುಗಿ ಹಾಡುತ್ತಿದ್ದವು.

"ನಿಂತೋಯ್ತು, ಮತ್ತೆ ಬಂತು," ಎಂದಳು. ನನ್ನ ಕಿವಿಯ ಭಯ ಅವಳಿಗೆ ಗೊತ್ತೇ ಇಲ್ಲ. ಅನ್ನ ಸಾರು ಎರಡನೇ ಸಲ ಹಾಕಿಸಿಕೊಂಡೆ.

ಮುನಿಯಣ್ಣ ಊಟ ಬಿಟ್ಟು ನೋಡುತ್ತಿದ್ದ. "ಸೊಣ್ಣಮ್ಮಂಗೂ ಕೇಳಿಸ್ತಾ? ನಂಗಿನ್ನೂ ಕೇಳಿಸ್ತಿಲ್ಲ ಕಣೋ." ನಮ್ಮ ಶೆಡ್ ಸೇರುವ ಮೊದಲು ಪ್ರೆಸ್‌ನ ಗದ್ದಲದಲ್ಲಿ ವರ್ಷಗಟ್ಟಲೆ ತಗಡು ಹೊಡೆದವನು ಅವನು. ಅವನ ಕಿವಿಯೇ ಮಂದ ಎಂದು ಆಗಲೇ ನನಗೆ ಹೊಳೆಯಬೇಕಿತ್ತು.

೧೭, ಶುಕ್ರವಾರ

ಹನುಮಂತರಾಯಪ್ಪನವರಿಗೆ ಮಾತು ಬದಲಿಸಿದೆ. ಜೋಡಿ ದಾರಿಯದೇ ಇರಲಿ. ಫಿನ್ ನಡುವೆ ಶಾಖ ತಡೆಯುವ ರಬ್ಬರ್ ತುಂಡು ಕೊಡುತ್ತೇನೆ, ವಾಲ್ವ್ ಹತ್ತಿರ ಬಿರುಕು ಬರುತ್ತದೋ ಎಂದು ಆಗಾಗ ತೋರಿಸಿ, ಎಂದೆ. ಈಗ ಹೇಳಿದ್ದು ಎಂಜಿನ್ ನೋಡಿ.

೨೧, ಮಂಗಳವಾರ

ಗಾಡಿ ಹೋಯಿತು. ಮುನಿಯಣ್ಣನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಸಣ್ಣ ಸದ್ದು ಕೇಳುವುದು ಹೋಗಿದೆಯಂತೆ; ಉಳಿದದ್ದು ಕಾಪಾಡಿಕೊಳ್ಳಬಹುದು, ಪ್ರೆಸ್ ಕಡೆ ಸುಳಿಯಬೇಡಿ ಎಂದರು. ಬಸ್ಸಿನಲ್ಲಿ ಹೆಗಲ ಮೇಲೆ ಕೈ ಹಾಕಿದ. "ನಿನ್ ಬೈಗುಳ ಎಲ್ಲಾ ಕೇಳಿಸ್ತೈತೆ, ಸಾಕು ಬಿಡು." ಇಬ್ಬರೂ ನಕ್ಕೆವು.

ಸಂಜೆ. ಅಡುಗೆಮನೆಯಲ್ಲಿ ಸೊಣ್ಣಮ್ಮ, ಅವಳ ಅಕ್ಕ ಭದ್ರಮ್ಮ. ಪಿಸುಮಾತು. ನನಗೆ ಕೇಳಿಸಬಾರದು ಅಂತಿರಬೇಕು. ಒಂದೊಂದು ಅಕ್ಷರವೂ ಕೇಳಿಸುತ್ತಿದೆ — "ಹೋದ್ ವಾರ ಏನ್ ಕೇಳಿದ್ರೂ ಮಾತೇ ಇಲ್ಲ ಕಣಕ್ಕ, ಈಗ ನೋಡಿದ್ರೆ..."

ತಡಿ, ದನಿ ಇನ್ನೂ ತಗ್ಗಿಸಿದಳು —