ಒಲೆಯ ಮುಂದಿನ ನೆಲ

ಅತ್ತೆ,

ನೀವು ಹೋದ ಮೇಲಾದರೂ ಅಡುಗೆಮನೆ ನನ್ನದಾಗಲಿ ಅಂತ ಟೈಲ್ಸ್ ತರಿಸಿದೆ. ನಿಮ್ಮ ಕೆಂಪು ನೆಲ ಬಿಡಬೇಕಲ್ಲ! ಮೇಸ್ತ್ರಿ ಬೆಳಿಗ್ಗೆ ಬಂದವನೇ ಚೊಂಬಿನಿಂದ ನೀರು ಚೆಲ್ಲಿ ನೋಡಿದ. ನೀರು ಇಂಗಲೇ ಇಲ್ಲ, ಗುಂಡುಗುಂಡಾಗಿ ನಿಂತಿತು.

"ಎಷ್ಟು ವರ್ಷ ಎಣ್ಣೆ ಕುಡಿಸಿದ್ದೀರಮ್ಮ? ನೀರೇ ಕುಡಿಯದ ನೆಲ ಸಿಮೆಂಟ್ ಹಿಡಿಯುತ್ತಾ? ಪೂರ್ತಿ ಕೆತ್ತಬೇಕು" ಅಂದ.

ನಾನಲ್ಲಪ್ಪ, ನಮ್ಮತ್ತೆ, ಅಂದೆ. ವಾರವಾರವೂ ಮಂಡಿಯೂರಿ, ಮುಖ ಕಾಣುವ ಹಾಗೆ ಎಣ್ಣೆಬಟ್ಟೆಯಲ್ಲಿ ಉಜ್ಜುತ್ತಿದ್ದರು ಅಂದೆ. ನಿಮ್ಮ ಮೇಲೆ ದೂರು ಹೇಳೋಕೆ ನನಗೆ ಇವತ್ತಿಗೂ ಬಾಯಿ ತಾನಾಗಿ ತೆರೆಯುತ್ತೆ ನೋಡಿ. ಬಸುರಿಯಾಗಿದ್ದಾಗ ಕಾಲು ಜಾರಿ, ಗೋಡೆ ಹಿಡಿದುಕೊಂಡು, "ನಾನು ಬಿದ್ದು ಸಾಯಲಿ ಅಂತಾನೇ ಹಚ್ತೀರಾ?" ಎಂದು ಕೂಗಾಡಿದ್ದನ್ನೂ ಹೇಳಿಬಿಟ್ಟೆ. ಅವತ್ತು ನೀವು ಬಟ್ಟೆ ಮಡಚಿಕೊಂಡು ಎದ್ದುಹೋಗಿದ್ದಿರಿ.

ಮೇಸ್ತ್ರಿ ನಗುತ್ತಾ ಒಲೆಯ ಮುಂದೆ ನೀರು ಚೆಲ್ಲಿದ. ತಟಕ್ಕನೆ ಇಂಗಿಹೋಯಿತು. ಇನ್ನೊಮ್ಮೆ ಚೆಲ್ಲಿದ. ಅದೂ ಇಂಗಿತು.

"ಇದೇನಮ್ಮ, ಇಷ್ಟೇ ಇಷ್ಟು ಜಾಗದಲ್ಲಿ ಎಣ್ಣೆ ಪೂರ್ತಿ ಹೋಗೋ ಹಾಗೆ ತಿಕ್ಕಿದ್ದಾರೆ. ಆಮೇಲೆ ಹಚ್ಚೇ ಇಲ್ಲ. ಇಲ್ಲೇನಿತ್ತು?"

ಏನೂ ಇರಲಿಲ್ಲ, ಅತ್ತೆ. ಅದು ನಾನು ನಿಂತು ಅಡುಗೆ ಮಾಡುವ ಜಾಗ.

ಅವನು ಉಳಿ, ಸುತ್ತಿಗೆ ತಂದು, "ಸ್ವಲ್ಪ ಸರಿಯಿರಮ್ಮ, ಧೂಳು ಏಳುತ್ತೆ" ಅಂದ. ನಾನು ಅಲ್ಲೇ ನಿಂತಿದ್ದೆ. ನೆಲ ಒದ್ದೆಯಾಗಿತ್ತು. ಕಾಲು ಜಾರಲಿಲ್ಲ.